ಮೂರು ಊರಿನ ಒಂದು ಮುಖ

ಗಾಡಿಯವನು ಮತ್ತೆ ಹಿಂತಿರುಗಿ ನೋಡಿದ. ಅಬ್ದುಲಸಮದ ತಟ್ಟನೆ ಚಿತ್ರದ ಪುಸ್ತಕ ಮುಚ್ಚಿದ.

ವಿಜಾಪುರ ಬಿಟ್ಟಾಗಿನಿಂದ ಇದು ಆರನೆಯ ಸಲ. ಎತ್ತು ಹೊಡೆಯುವವನಿಗೆ ಚಿತ್ರದ ಗೊಡವೆ ಯಾಕೆ? ಗಾಡಿ ಗೊತ್ತು ಮಾಡಿಕೊಟ್ಟವನು ಫೌಜದಾರ. ಅಂದ ಮೇಲೆ ಈ ಬಸಗೊಂಡಪ್ಪ ಫೌಜದಾರನ ಕಣ್ಣೇ ಸೈ.

ವಿಜಾಪುರದ ಜೋರಾಪುರ ಪೇಟೆಯ ಅಬ್ದುಲಸಮದ ಅಂಗಡಿಗಳ ಫಲಕ ಬರೆದು ಬದುಕುವವನು. ಉಳಿದ ಹೊತ್ತಿನಲ್ಲಿ ಕಂಡದ್ದನ್ನೆಲ್ಲ ಗೀಚುವ ಚಟ. ಕುಂಬಾರನ ಹೆಬ್ಬೆರಳು, ರೈಲಿನಲ್ಲಿ ತೂಕಡಿಸುವ ಮುದುಕ, ಹಲ್ಲು ಕಿರಿಯುವ ಕುದುರೆ. ಹೋದ ತಿಂಗಳು ರೈಲು ಹತ್ತಿ ಹೋಗಿ ಕೃಷ್ಣಾ ಹೊಳೆಯ ಸೇತುವೆ ಗೀಚಿದ್ದ. ಅದು ೧೯೪೩. ಯುದ್ಧದ ಕಾಲದಲ್ಲಿ ಸೇತುವೆ ಬರೆದವನು ಗೂಢಚಾರನಲ್ಲದೆ ಮತ್ತೇನು? ಹತ್ತು ವರ್ಷದ ಪುಸ್ತಕಗಳೆಲ್ಲ ಜಪ್ತಿಯಾದವು.

ಜೇಲು ತಪ್ಪಿಸಿಕೊಳ್ಳಲು ಫೌಜದಾರನೇ ಒಂದು ದಾರಿ ತೋರಿಸಿದ. ನಿಡೋಣಿಯ ಖಂಡಪ್ಪ ಎಂಬ ತರುಣ ಸರಕಾರದ ದಫ್ತರ ಸುಟ್ಟು ಎಂಟು ತಿಂಗಳಿಂದ ತಲೆಮರೆಸಿಕೊಂಡಿದ್ದ. ಅವನದೊಂದು ಫೋಟೋ ಇಲ್ಲ. ಗುರುತು ಕೇಳಿದರೆ ಪಾಟೀಲನಿಂದ ಓಲೆಕಾರನವರೆಗೆ ಇಡೀ ಊರಿನದು ಒಂದೇ ಮಾತು: "ಎರಡು ಕಣ್ಣು, ಒಂದು ಮೂಗು ಇದ್ದುವರಿ."

"ಮಂದಿ ಸುಳ್ಳು ಹೇಳತಾರ, ರಕ್ತ ಹೇಳೂದಿಲ್ಲ," ಎಂದಿದ್ದ ಫೌಜದಾರ. "ಅವನ ತಾಯಿ, ಸೋದರಮಾವ, ಚಿಗವ್ವ, ಎಲ್ಲಾರ ಮಾರಿ ನೋಡು. ಕೂಡಿಸಿ ಅವನ ಮಾರಿ ತಗದು ಕೊಡು. ಇಲ್ಲಾ, ಜೇಲಿನ ಗ್ವಾಡಿ ಮ್ಯಾಲ ಗೀಚಕೋತ ಕೂಡು."

ದೇಶಕ್ಕಾಗಿ ಅಲೆಯುತ್ತಿರುವ ಹುಡುಗನನ್ನು ಹಿಡಿದುಕೊಡಲು ಅಬ್ದುಲಸಮದನಿಗೆ ಮನಸ್ಸಿರಲಿಲ್ಲ. ಮುಖವನ್ನು ಒಂಚೂರು ಕೆಡಿಸಿಬಿಟ್ಟರಾಯಿತು ಎಂದುಕೊಂಡೇ ಗಾಡಿ ಹತ್ತಿದ್ದ. ಆದರೆ ಈ ಗಾಡಿಯವನ ಕಣ್ಣು!

ಬಬಲೇಶ್ವರದ ಬಾವಿಯ ಬಳಿ ಎತ್ತುಗಳಿಗೆ ನೀರು ಕುಡಿಸಲು ನಿಂತರು. "ತಡಿ, ನಿನ್ನ ಮಾರೀನೂ ತಗೀತೀನಿ," ಎಂದ ಅಬ್ದುಲಸಮದ.

ಬಸಗೊಂಡಪ್ಪ ರುಮಾಲನ್ನು ಹುಬ್ಬಿನವರೆಗೆ ಎಳೆದುಕೊಂಡ. "ನನ್ನ ಮಾರಿಗೇನು ಬಂದೇತ್ರಿ ಸಾಹೇಬ್ರ? ಈ ಎಡಗಡೀ ಎತ್ತಿಂದು ತಗೀರಿ. ಲಕ್ಷಣ ಐತಿ."

ಬೇಹಿನವನಿಗೆ ತನ್ನ ಗುರುತು ಎಲ್ಲಿಯೂ ಉಳಿಯಬಾರದು. ಅಬ್ದುಲಸಮದ ಸುಮ್ಮನೆ ಎತ್ತನ್ನೇ ಬರೆದ.

ನಿಡೋಣಿಯಲ್ಲಿ ಬಸಗೊಂಡಪ್ಪ ಯಾರನ್ನೂ ದಾರಿ ಕೇಳದೆ ನೇರ ಕಾಳವ್ವನ ಅಂಗಳಕ್ಕೆ ಗಾಡಿ ಹೊಡೆದ. ಮೊದಲೇ ಬಂದು ನೋಡಿಕೊಂಡು ಹೋದ ಹಾಗಿತ್ತು. ಕಟ್ಟೆಯ ಮೇಲಿನ ಹಿರಿಯರು ಅವನನ್ನು ಕಂಡದ್ದೇ ಮಾತು ನಿಲ್ಲಿಸಿದರು.

ಖಂಡಪ್ಪನ ತಾಯಿ ಕಾಳವ್ವ ಜೋಳ ಹಸನು ಮಾಡುತ್ತಿದ್ದಳು. ಅಬ್ದುಲಸಮದ ತಡವರಿಸಿದ. "ಅವ್ವಾ, ನಾ ಬಂದಿದ್ದು..."

"ಗೊತ್ತೈತಿ ಬಿಡೋ ಯಪ್ಪಾ. ಕೂಡು." ಮೊರ ಪಕ್ಕಕ್ಕಿಟ್ಟು ತಾನಾಗಿಯೇ ಬೆಳಕಿಗೆ ಮುಖ ಮಾಡಿದಳು. "ಗದ್ದ ನಂದು ತಗೋ. ಮೂಗಿಗೆ ತಿಕೋಟ್ಯಾಗ ನಮ್ಮಣ್ಣನ ನೋಡು. ಕಣ್ಣಿಗೆ ಬಿಜ್ಜರಗಿಗೆ ಹೋಗು, ನನ್ನ ತಂಗಿ ಶಂಕ್ರೆವ್ವ ಇರ್ತಾಳ. ನಮ್ಮ ಮನಿತನದಾಗ ಹುಟ್ಟಿದವರೆಲ್ಲಾ ಹಿಂಗಽ."

ಪೆನ್ಸಿಲು ನಿಂತಿತು. ಹೆತ್ತವಳು ಮಗನ ಮುಖವನ್ನು ಹೀಗೆ ಹರಿದು ಹಂಚುತ್ತಾಳೆಯೇ? ಮುದುಕಿ ದಾರಿ ತಪ್ಪಿಸುತ್ತಿದ್ದಾಳೆ, ಅನ್ನಿಸಿತು. ತಪ್ಪಿಸಲಿ, ಅಂತಲೂ ಅನ್ನಿಸಿತು.

ಊಟಕ್ಕೆ ಅತಿಥಿಗೆ ಎರಡು ರೊಟ್ಟಿ ಹಾಕಿದಳು. ಗಾಡಿಯವನಿಗೆ ಕೇಳದೆಯೇ ನಾಲ್ಕು. "ಇನ್ನೊಂದು ಹಾಕಸ್ಕೋ ಲೇ. ಮಾರಿ ನೋಡು, ಒಣಗಿ ಕಟಗಿ ಆಗೇತಿ."

ಮಗ ಮನೆಯಲ್ಲಿಲ್ಲದವಳಿಗೆ ಯಾರ ಮಗನಾದರೂ ಮಗನೇ. ತನ್ನ ಮಗನ ವೈರಿಗೆ ಉಣಿಸುತ್ತಿದ್ದೇನೆ ಎಂಬುದೂ ಪಾಪ ಅವಳಿಗೆ ತಿಳಿಯದು. ಅಬ್ದುಲಸಮದ ತಲೆ ತಗ್ಗಿಸಿ ಉಂಡ.

ಆದರೆ ಕಾಳವ್ವ ದಾರಿ ತಪ್ಪಿಸಿರಲಿಲ್ಲ. ತಿಕೋಟೆಯ ಅಣ್ಣನದು ಗಿಣಿಮೂಗು. ಅವನ ಮೂವರು ಮಕ್ಕಳದೂ ಅದೇ ಮೂಗು. ಬಿಜ್ಜರಗಿಯಲ್ಲಿ ಆಡು ಹಿಂಡುತ್ತಿದ್ದ ಶಂಕ್ರೆವ್ವನ ಗುಳಿಗಣ್ಣು ಅವಳ ಮೊಮ್ಮಗಳಲ್ಲೂ ಮಿಟುಕಿತು. ರಕ್ತ ನಿಜವನ್ನೇ ಹೇಳುತ್ತಿತ್ತು.

ಮರಳುವ ದಾರಿಯಲ್ಲಿ ಮೂರನ್ನೂ ಒಂದು ಹಾಳೆಗೆ ತಂದ. ಕೊನೆಗೆ, ಗಾಡಿ ತಗ್ಗಿಗೆ ಇಳಿದಾಗ, ಮೂಗಿನ ತುದಿಯನ್ನು ಮೆಲ್ಲಗೆ ಮೊಂಡು ಮಾಡಿದ.

"ಮೂಗು ತಪ್ಪೇತ್ರಿ." ಬಸಗೊಂಡಪ್ಪ ತಿರುಗಿಯೇ ಕುಳಿತಿದ್ದ. "ತಿಕೋಟಿ ಹಿರೇರದು ಹಿಂಗ ಮೊಂಡ ಇರಲಿಲ್ಲ. ಇದ್ದದ್ದು ಇದ್ದಂಗ ತಗೀರಿ. ಫೌಜದಾರ್ರು ತಾಳೆ ಹಾಕಿ ನೋಡಿದ್ರಂದ್ರ ನಿಮಗ ಜೇಲು."

ಅಬ್ದುಲಸಮದ ಬೇರೆ ದಾರಿ ಕಾಣದೆ ರಬ್ಬರು ತೆಗೆದ. ಅಳಿಸಿದ. ಮೂಗನ್ನು ಇದ್ದಂತೆಯೇ ಬರೆದ. ಕಾಳವ್ವನ ರೊಟ್ಟಿಯ ಋಣ ನೆನಪಾಯಿತು.

"ಹಾಂ, ಈಗ ಬಂತು ನೋಡ್ರಿ."

"ಇಂಥಾವನ್ನ ನೀ ಎಲ್ಲ್ಯಾರ ನೋಡೀಯೇನು?" ಅಬ್ದುಲಸಮದನ ದನಿಯಲ್ಲಿ ಕಹಿ ಇತ್ತು.

ಬಸಗೊಂಡಪ್ಪ ಚಿತ್ರವನ್ನು ಬಿಸಿಲಿಗೆ ಹಿಡಿದು ನೋಡಿದ. "ಖರೇ ಹೇಳ್ಲ್ಯಾ? ನನ್ನ ಜಲ್ಮದಾಗ ನೋಡಿಲ್ಲ."

ಚಿತ್ರ ನೋಡಿ ಫೌಜದಾರ ತೊಡೆ ತಟ್ಟಿಕೊಂಡ. ತಾಯಿಯ ಗದ್ದ, ಮಾವನ ಮೂಗು, ಚಿಗವ್ವನ ಕಣ್ಣು. ಇನ್ನು ಎಲ್ಲಿಗೆ ಹೋಗುತ್ತಾನೆ? ಹತ್ತು ವರ್ಷದ ಪುಸ್ತಕಗಳು ಮರಳಿ ಬಂದವು. ಅಬ್ದುಲಸಮದ ಅವನ್ನು ಬಿಚ್ಚಿ ನೋಡಲೂ ಇಲ್ಲ. ಚಿತ್ರ ಅಚ್ಚಾಯಿತು. ಊರೂರಿಗೆ ಮುಟ್ಟಿಸಲು ಮತ್ತೆ ಬಸಗೊಂಡಪ್ಪನ ಗಾಡಿಯೇ ಗೊತ್ತಾಯಿತು.

ನಿಡೋಣಿಯಲ್ಲಿ ಅವನು ಚಾವಡಿಯ ಗೋಡೆಗೆ ಒಂದು ಪ್ರತಿ ಅಂಟಿಸಿದ. ಇನ್ನೊಂದನ್ನು ಕಾಳವ್ವನ ಕೈಗೆ ಕೊಟ್ಟು, ರುಮಾಲು ಬಿಚ್ಚಿಟ್ಟು, ಊಟಕ್ಕೆ ಕುಳಿತ. ಅವಳು ಆ ಮುಖವನ್ನು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಒರೆಸಿದಳು. ಆಮೇಲೆ ತಾಟಿಗೆ ನಾಲ್ಕು ರೊಟ್ಟಿ ಹಾಕಿದಳು.

"ಬೇವಿನ ಗಿಡದ ಬುಡಕ್ಕ ಸಿಗೂ ಬದಲಿ ನನ್ನ ಹೊಟ್ಟ್ಯಾಗ ಹುಟ್ಟಿದ್ದರ, ಖಂಡಪ್ಪಾ, ನೀ ಹಿಂಗ ಇರ್ತಿದ್ದಿ ನೋಡು."