ಮಹಾರಾಜನ ಮೊಣಕಾಲು

ಆಳುಗಳನ್ನು ಕೆಳಗಿಳಿಸುವ ಕಬ್ಬಿಣದ ಕೇಜಿನ ಬಾಗಿಲು ಎಳೆಯುವ ಹೊತ್ತಿಗೆ ಸರಿಯಾಗಿ ಕೋದಂಡಪ್ಪ ಹೊರಗೆ ಹಾರಿಬಿಟ್ಟ. ಮೊನ್ನೆ ಒಂದು ಸಲ, ನಿನ್ನೆ ಒಂದು ಸಲ, ಇದು ಮೂರನೆಯದು. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಬೆಳಗಿನ ಪಾಳಿಯವರನ್ನು ತುಂಬಿಕೊಂಡ ಕೇಜು ಅವನೊಬ್ಬನನ್ನು ಬಿಟ್ಟು ಪಾತಾಳಕ್ಕೆ ಸರ್ರನೆ ಇಳಿಯಿತು.

"ಇನ್ನೊಂದು ಕೇಜು ಐತೆ. ಅದ್ರಾಗೂ ಇಳೀಲಿಲ್ಲಾಂದ್ರೆ ಬುಕ್ಕಿಂದ ನಿನ್ ಎಸ್ರು ಒಡೆದಾಕ್ತೀನಿ," ಅಂದ ಮೇಸ್ತ್ರಿ ಜಯರಾಮಪ್ಪ. "ಊರ್ಗೋಗಿ ಕುರಿ ಮೇಯ್ಸು."

ಮಗನಿಗೆ ಗಣಿ ಕೆಲಸ ಸಿಕ್ಕಿತೆಂದು ಊರಲ್ಲಿ ಅಮ್ಮ ಮನೆಮನೆಗೂ ಬೆಲ್ಲ ಹಂಚಿ ಇನ್ನೂ ವಾರವಾಗಿಲ್ಲ. ಕೋದಂಡಪ್ಪನ ಎದೆ ನಗಾರಿ ಬಾರಿಸುತ್ತಿತ್ತು. ಬಾಯಿ ಮಾತ್ರ ಇನ್ನೂ ಟೆಂಟ್ ಸಿನಿಮಾದಿಂದ ಎದ್ದು ಬಂದಿರಲಿಲ್ಲ.

"ಸಾವಿಗೇ ಸವಾಲೆಸೆದ ವೀರನಿಗೆ ಈ ಪಾತಾಳ ಯಾವ ಲೆಕ್ಕ?" ಅಂದ.

ಮೂವತ್ತು ವರ್ಷ ಗಣಿ ಇಳಿದ ಕುಪ್ಪುಸ್ವಾಮಿ ಅವನ ಮುಖ ನೋಡಲಿಲ್ಲ, ಕಾಲು ನೋಡಿದ. "ಡೇಯ್ ತಂಬಿ, ಮೊಣಕಾಲು ಯಾಕಂಗೆ ಬಿಗಿದಿದ್ದೀಯ?"

"ವೀರರು ನಿಲ್ಲೋದೇ ಇಂಗೆ ಮಾಮ. ಎದೆ ಮುಂದೆ, ಉಸಿರು ಒಳಗೆ."

"ಪರದೆ ಮೇಲಿನ ಮಹಾರಾಜಂಗೆ ಸರಿ. ಅವನ ಸಿಂಹಾಸನ ಕೆಳಕ್ ಬೀಳಲ್ಲ. ನಮ್ ಕೇಜು ಬೀಳ್ತೈತೆ." ಮುದುಕ ಬಗ್ಗಿ ಅವನ ಮೀನಖಂಡ ಒತ್ತಿದ. "ಕಲ್ಲಾಗೈತೆ. ಹಿಮ್ಮಡಿ ಎತ್ತು. ಇಳ್ಸು. ಇಳಿಸ್ತಾ ಉಸ್ರು ಬಿಡು, ಬಿಸಿ ಕಾಫಿ ಊದ್ದಂಗೆ."

ಕೋದಂಡಪ್ಪ ಎತ್ತಿದ, ಇಳಿಸಿದ, ಊದಿದ. ತನ್ನ ಅಂಗಾಲು ನೆಲದ ಮೇಲಿದೆ ಅನ್ನೋದು ಮೂರು ದಿನದ ಮೇಲೆ ಅವನಿಗೆ ಈಗ ಗೊತ್ತಾಯಿತು.

"ಭಯ ಓಯ್ತಾ?"

"ಇಲ್ಲ ಮಾಮ."

"ಓಗೋದೂ ಬ್ಯಾಡ. ಅದು ಮೈಯಾಗೆ ಒಂದೇ ಕಡೆ ಕಟ್ಕೊಂಡು ಕೂತ್ಕೋಬಾರ್ದು, ಅಷ್ಟೆ."

ಕೇಜು ಬಂತು. ಇಬ್ಬರೂ ಹತ್ತಿದರು. ಗಂಟೆ ಹೊಡೆಯಿತು. ನೆಲ ಕಾಲ ಕೆಳಗಿಂದ ಜಾರಿತು. ಕೋದಂಡಪ್ಪ ಮೊಣಕಾಲು ಸಡಿಲ ಬಿಟ್ಟು ಹಿಮ್ಮಡಿ ಆಡಿಸಿದ. ಉಸಿರು ತಡವರಿಸಿತು, ನಿಲ್ಲಲಿಲ್ಲ. ಈ ಖುಷಿಗೆ ಒಂದು ಡೈಲಾಗ್ ಬಿಗಿಯೋಣ ಅಂತ ಬಾಯಿ ತೆರೆದವನು, ತಲೆಯ ದೀಪದ ಬೆಳಕು ಕೆಳಗೆ ಬಿದ್ದಲ್ಲಿ ನೋಡಿದ.

ಪಕ್ಕದವನ ಮೊಣಕಾಲು ಮೆಲ್ಲಗೆ ಬಾಗಿ ಏಳುತ್ತಿತ್ತು. ಅವನ ಪಕ್ಕದವನದೂ. ಕೇಜಿನಲ್ಲಿದ್ದ ಅಷ್ಟೂ ಗಟ್ಟಿ ಮೀಸೆಯವರು ಒಂದೂ ಮಾತಿಲ್ಲದೆ ಹಿಮ್ಮಡಿ ಎತ್ತುತ್ತಿದ್ದರು, ಇಳಿಸುತ್ತಿದ್ದರು.

"ನೀನೂನಾ ಮಾಮ?"

ಕುಪ್ಪುಸ್ವಾಮಿ ಕಾಲು ನಿಲ್ಲಿಸಲಿಲ್ಲ. "ದಿನಾ ಕಣ್ಲಾ," ಅಂದ.