ಔಟಾಗದವರ ಮನೆಯ ಮದುವೆ

ಮಗಳು ಭಾರತಿ ತೊಟ್ಟಿಲಲ್ಲಿದ್ದಾಗ ಪ್ರಹ್ಲಾದ ಕಟ್ಟಿಯವರು ಆರಂಭಿಸಿದ ಇನಿಂಗ್ಸ್ ಇನ್ನೂ ಮುಗಿದಿರಲಿಲ್ಲ. ಔಟಾಗದ ಆರಂಭಿಕ ಆಟಗಾರನು ಬೌಂಡರಿಯ ಹಗ್ಗವನ್ನು ದಾಟಕೂಡದೆಂಬುದು ನಿಯಮ. ಆದ್ದರಿಂದ ಅವರ ಸ್ನಾನ, ಸಂಧ್ಯಾವಂದನೆ, ನಿದ್ರೆಗಳೆಲ್ಲ ಪಿಚ್ಚಿನ ಪಕ್ಕದ ಡೇರೆಯಲ್ಲೇ ನಡೆಯುತ್ತಿದ್ದವು. ಇಂದು ಹಗ್ಗದಾಚೆ ಭಾರತಿಯ ಮದುವೆಯ ಹಂದರ ಎದ್ದಿತ್ತು. ತಂದೆಯ ಕೈಯಿಂದ ಧಾರೆಯ ನೀರು ಬೀಳಬೇಕಾದ ಮುಹೂರ್ತ ಸಮೀಪಿಸಿತ್ತು.

"ಕಾಕಾ, ನೆಟ್ಟಗ ಸ್ಟಂಪಿಗೇ ಹಾಕ್ತೀನಿ. ಸುಮ್ನ ಬಿಟ್ಟುಬಿಡ್ರಿ," ಎಂದ ಎದುರಾಳಿ ಬೌಲರ್ ಮೈಲಾರಿ.

"ಬೇಕಂತ ಬಿಟ್ರ ಅವರ ಕೈಯಾಗಿನ ಗ್ಲೌಸಿಗೆ ಗೊತ್ತಾಗತದ, ಅದರ ಮ್ಯಾಲಿನ ಕೆಂಪ ದೀಪ ಹತ್ತತದ. ನಾ ಔಟ್ ಕೊಡೂ ಹಂಗಿಲ್ಲ. ಮುಂಜಾನಿಂದ ಅದು ಇಷ್ಟ ಸಲ ಹತ್ತಿದ್ದು ಸಾಲದೇನು?" ಎಂದರು ಅಂಪೈರ್.

ಕಟ್ಟಿಯವರು ಮನಸ್ಸನ್ನು ಚೆಂಡಿನಿಂದ ಬಿಡಿಸಿ ಇಷ್ಟದೈವದ ಪಾದಗಳಲ್ಲಿ ನಿಲ್ಲಿಸಿದರು. ಆಡುವ ಸಂಕಲ್ಪವೂ ಉಳಿಯಲಿಲ್ಲ, ಬಿಡುವ ಸಂಕಲ್ಪವೂ ಉಳಿಯಲಿಲ್ಲ. ಆದರೆ ಚೆಂಡು ಬಂದಾಗ, ಇಷ್ಟು ವರ್ಷ ಪಳಗಿದ ಮುಂಗೈಗಳು ಒಡೆಯನ ಅಪ್ಪಣೆಗೆ ಕಾಯಲಿಲ್ಲ. ಬ್ಯಾಟಿನ ನಡುಭಾಗದಿಂದ ಹೊರಟ ಚೆಂಡು ಹುಲ್ಲನ್ನು ಸವರುತ್ತ ಹಗ್ಗವನ್ನು ದಾಟಿ, ಹಂದರದ ಕಂಬಕ್ಕೆ ತಾಗಿ ನಿಂತಿತು. ರೂಢಿಯಂತೆ ಬೀಗರೂ ಚಪ್ಪಾಳೆ ತಟ್ಟಿದರು. ಪುರೋಹಿತರು ಗಡಿಯಾರ ನೋಡಿದರು.

ಬಾಸಿಂಗ ಕಟ್ಟಿಕೊಂಡಿದ್ದ ಭಾರತಿ ಎದ್ದು, ಚೆಂಡನ್ನು ಸೆರಗಿನಲ್ಲಿ ಒರೆಸಿ, ಹಗ್ಗದವರೆಗೆ ಬಂದ ಮೈಲಾರಿಯ ಕೈಗಿತ್ತಳು.

"ಇನ್ನೊಂದ್ ಹಾಕ್ರಿ, ಅಣ್ಣಾ," ಎಂದಳು ಮೆಲ್ಲಗೆ. "ನೀವು ಓಡಿ ಬರೂವಾಗ ನಾ ಇಲ್ಲಿಂದ 'ಅಪ್ಪಾ' ಅಂತ ಒದರತೀನಿ."