ಟವೆಲ್ಲಿನ ಕೆಳಗೆ

"ಎಲ್ಲಾರ ಮುಂದ ರೇಟ್ ಒದರಬಾರ್ದು ಯವ್ವಾ," ಎಂದು ಯಂಕಪ್ಪ, ಸಿಂದಗಿ ಊರಿನ ಕಾರು ಶೋರೂಮಿನ ಮೇಜಿನ ಮೇಲೆ ಹೆಗಲ ಟವೆಲ್ ಹಾಸಿ, ಅದರಡಿ ಕೈಯಿಟ್ಟ. ದನದ ಸಂತೆಯಲ್ಲಿ ಅವನು ಬೆರಳು ಹಿಡಿದೇ ವ್ಯಾಪಾರ ಮಾಡಿದವನು; ಒಂದು ಬೆರಳೆಂದರೆ ಹತ್ತು ಸಾವಿರ. ಹಳೆ ಕಾರಿಗೆ ಎಂಬತ್ತು ಸಾವಿರ ಬಂದರಷ್ಟೇ ಹೊಸದರ ಮುಂಗಡ ಕೂಡುತ್ತಿತ್ತು. ಮ್ಯಾನೇಜರ್ ಪ್ರಜ್ಞಾ ಅರವತ್ತೈದಕ್ಕೇ ನಿಂತಿದ್ದಳು. ಹಳೆ ಕಾರು ಕೊಡಲು ಬಂದ ಉಳಿದವರೆಲ್ಲ ಕಿವಿಗೊಟ್ಟಿದ್ದರು.

"ಈ ವಯಸ್ಸಿನ್ಯಾಗ ಹೆಣ್ಮಗಳ ಕೈ ಹಿಡಿತೀರೇನು?" ಹೆಂಡತಿ ಸಾವಂತ್ರವ್ವ ತಿವಿದಳು. ಯಂಕಪ್ಪ ನಾಚಿ ಕೈ ಎಳೆದುಕೊಳ್ಳುವಷ್ಟರಲ್ಲಿ ಪ್ರಜ್ಞಾಳ ಕೈ ಟವೆಲ್ಲಿನೊಳಗೆ ಬಂದು ಅವನ ಐದೂ ಬೆರಳು ಹಿಡಿಯಿತು. ಐವತ್ತೇ? ಅವನ ಮುಖ ಇಳಿಯಿತು. ಅವಳು ಬಿಡಲಿಲ್ಲ, ಅದರ ಮೇಲೆ ಇನ್ನೂ ಮೂರು ಬೆರಳು ಒತ್ತಿದಳು.

ಎಂಬತ್ತು! ಯಂಕಪ್ಪ ಮುಖ ಅರಳಿಸಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಯಾರ ಮಗಳವ್ವಾ ನೀ?"

"ಹೊರ್ತಿ ಊರಿನ ದನದ ದಲಾಲ ಪರಸಪ್ಪನ ಮಗಳ್ರಿ, ಅಜ್ಜಾರ. ಇನ್ನ ಕೈ ಬಿಡ್ರಿ, ಸಹಿ ಮಾಡಬೇಕಲ್ಲ!"